ಎಸ್‌.ಪಿ. ರಸ್ತೆಯ ಆ ಅಣ್ಣನಿಗೆ

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ನಮ್ಮ ಹಾರ್ಡ್ ಡಿಸ್ಕ್ ಉಳಿಸಿಕೊಟ್ಟ ಅಣ್ಣನಿಗೆ ಮನಸಾರೆ ಧನ್ಯವಾದ. ಕೇಳಿದರೂ ನೀವು ಹೆಸರು ಹೇಳಲಿಲ್ಲ.

ಅದು ನಮ್ಮ ಮನೆಯ ರೆಕಾರ್ಡರ್ ಸೆಟ್ ಟಾಪ್ ಬಾಕ್ಸ್‌ನ 500 ಜಿಬಿ ಡಿಸ್ಕ್. ಚಂದನದಲ್ಲಿ ಅಮ್ಮ ಸೋಬಾನೆ ಪದ ಹಾಡಿದ ಕಾರ್ಯಕ್ರಮ ಅದರಲ್ಲಿ ಮಾತ್ರ ಇತ್ತು. ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು, ಆಗಾಗ ನಿಂತೇ ಹೋಗುತ್ತಿತ್ತು. ಬೇರೊಂದು ಕಡೆ, ಸುಮ್ನೆ ಫಾರ್ಮ್ಯಾಟ್ ಮಾಡಿಬಿಡಿ ಅಂದಿದ್ದರು.

ನೀವು ಮೊದಲು ಡಿಸ್ಕ್‌ನ ಆರೋಗ್ಯ ತಿಳಿಸುವ ಸ್ಮಾರ್ಟ್ ವರದಿ ತೆಗೆದು, 'ಪೆಂಡಿಂಗ್ ಸೆಕ್ಟರ್' ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಿರಿ. ಡಿಸ್ಕ್‌ಗೆ ಓದಲಾಗದೆ ಬಾಕಿ ಉಳಿದ ಜಾಗಗಳ ಲೆಕ್ಕ ಅದು. ವಿಂಡೋಸ್‌ಗೆ ಹಾಕಲೇ ಇಲ್ಲ. ರೆಕಾರ್ಡರ್‌ನ ಡಿಸ್ಕ್ ಅರ್ಥವಾಗದೆ ಅದು ಫಾರ್ಮ್ಯಾಟ್ ಮಾಡಲಾ ಅಂತ ಕೇಳುತ್ತೆ, ಅಲ್ಲಿ ಕೈತಪ್ಪಿದರೆ ಕಷ್ಟ ಅಂದಿರಿ. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಅನ್ನೋ, ಕೆಟ್ಟ ಡಿಸ್ಕ್‌ನಿಂದ ನಕಲು ತೆಗೆಯುವ ತಂತ್ರಾಂಶ ಓಡಿಸಿದಿರಿ. ಚೆನ್ನಾಗಿರುವ ಭಾಗವನ್ನೆಲ್ಲ ಅದು ಮೊದಲು ನಕಲು ಮಾಡುತ್ತೆ, ಕೆಟ್ಟ ಜಾಗದ ತಂಟೆಗೆ ಹೋಗೋದು ಆಮೇಲೆ. ಎಲ್ಲಿವರೆಗೆ ಆಯ್ತು ಅಂತ ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತೆ. ಡಿಸ್ಕ್ ಬಿಸಿಯಾದಾಗ ನಿಲ್ಲಿಸಿ, ತಣಿದ ಮೇಲೆ ಅಲ್ಲಿಂದಲೇ ಮುಂದುವರಿಸಿದಿರಿ. ಎಂಥ ತಾಳ್ಮೆ ನಿಮ್ಮದು!

ರೆಕಾರ್ಡಿಂಗ್‌ಗೆ ಗೂಢಲಿಪಿಯ ಬೀಗ ಇದ್ದದ್ದರಿಂದ ಅದು ನಮ್ಮ ಬಾಕ್ಸ್‌ನಲ್ಲೇ ಓಡಬೇಕಿತ್ತು. ಹಾಗಾಗಿ ನಕಲು ಮಾಡಿದ ಹೊಸ ಡಿಸ್ಕನ್ನು ಅದೇ ಬಾಕ್ಸ್‌ಗೆ ಕೂರಿಸಿಕೊಟ್ಟಿರಿ. ಒಂದೆರಡು ಕಡೆ ಚಿತ್ರ ಜಿಗಿಯುತ್ತೆ, ಅಷ್ಟೇ. ಹಾಡು ಪೂರ್ತಿ ಇದೆ.

ಡಿಸ್ಕ್‌ನ ದುಡ್ಡು ಬಿಟ್ಟು ಜಾಸ್ತಿ ಏನೂ ತಗೊಳ್ಳಲಿಲ್ಲ ನೀವು. ಅಮ್ಮ ನಿಮ್ಮನ್ನು ನೋಡಲೇಬೇಕು ಅಂತಿದ್ದಾರೆ. ಮುಂದಿನ ಸಲ ಅವರನ್ನೂ ಅಂಗಡಿಗೆ ಕರೆದುಕೊಂಡು ಬರುತ್ತೇನೆ.