ಫೈಲ್ ಲೋಡ್ ಮಾಡುವ ಕ್ರಮ ಮತ್ತು ಹೊಸ ಐಡಿಗಳ ಬಗ್ಗೆ

ಪ್ರಿಯ ಗ್ರಾಹಕರೇ,

ಮುಂದಿನ ಅಪ್‌ಡೇಟ್‌ನಿಂದ ಎರಡು ವಿಷಯ ಬದಲಾಗುತ್ತವೆ. ನೀವು ಕಳಿಸುವ ದೊಡ್ಡ ಫೈಲ್‌ಗಳನ್ನು ಐಡಿ ಪ್ರಕಾರ ಜೋಡಿಸಿಕೊಂಡೇ ಡೇಟಾಬೇಸ್‌ಗೆ ಹಾಕುತ್ತೇವೆ. ಹೊಸ ರೆಕಾರ್ಡ್‌ಗಳಿಗೆ ಯುಯುಐಡಿ (ಎಲ್ಲೂ ಮರುಕಳಿಸದಂತೆ ಕೊಡುವ ಉದ್ದನೆಯ ಐಡಿ) 4ನೇ ಆವೃತ್ತಿಯ ಬದಲು 7ನೇ ಆವೃತ್ತಿಯ ಐಡಿ ಬರುತ್ತದೆ. ಹಳೆಯ ಐಡಿಗಳನ್ನು ಮುಟ್ಟುವುದಿಲ್ಲ.

ದೊಡ್ಡ ಫೈಲ್ ಶುರುವಿನಲ್ಲಿ ಸರಸರ ಓಡಿ, ಅರ್ಧ ದಾಟಿದ ಮೇಲೆ ತೆವಳುವುದನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಸರ್ವರ್ ಚಿಕ್ಕದಾಯಿತು ಅಂತ ನಾವೂ ಬಹಳ ದಿನ ಅಂದುಕೊಂಡಿದ್ದೆವು. ತೊಂದರೆ ಇದ್ದದ್ದು ಸಾಲುಗಳು ಬರುವ ಕ್ರಮದಲ್ಲಿ.

ನಾವು ಬಳಸುವ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಲು ಇಡುವ ಪಟ್ಟಿ) 16 ಕೆಬಿ ಪುಟಗಳಲ್ಲಿ ಇರುತ್ತದೆ. ಐಡಿಗಳು ಏರಿಕೆ ಕ್ರಮದಲ್ಲೇ ಕೂರಬೇಕು. 4ನೇ ಆವೃತ್ತಿಯ ಐಡಿಗೆ ಹಿಂದುಮುಂದು ಇಲ್ಲ. 07ರಿಂದ ಶುರುವಾದದ್ದು ಒಂದು ಮೂಲೆಯ ಪುಟಕ್ಕೆ ಹೋದರೆ, ಅದರ ಬೆನ್ನಿಗೇ ಬಂದ 93 ಇನ್ನೊಂದು ಮೂಲೆಗೆ ಹೋಗುತ್ತದೆ. ಆ ಪುಟ ಮೊದಲೇ ತುಂಬಿದ್ದರೆ ಅದನ್ನು ಇಬ್ಭಾಗ ಮಾಡಬೇಕು. ಆಗ ಎರಡೂ ಅರ್ಧ ಖಾಲಿ. ಇಂಡೆಕ್ಸ್ ಮೆಮೊರಿಯಲ್ಲಿ ಹಿಡಿಸುವವರೆಗೆ ಇದು ಗೊತ್ತಾಗುವುದಿಲ್ಲ. ಹಿಡಿಸದಿದ್ದಾಗ ಒಂದೊಂದು ಸಾಲಿಗೂ ಡಿಸ್ಕ್‌ನಿಂದ ಪುಟ ತರಬೇಕು. ತೆವಳುವುದು ಅಲ್ಲಿಂದಲೇ.

ಜೋಡಿಸಿ ಹಾಕಿದರೆ ಒಂದು ಪುಟ ತುಂಬಿದ ಮೇಲೆ ಮುಂದಿನದು. ಪ್ರತಿ ಪುಟ ಸುಮಾರು 16ರಲ್ಲಿ 15 ಪಾಲು ತುಂಬುತ್ತದೆ. ಅಡ್ಡಾದಿಡ್ಡಿ ಬಂದರೆ ಅರ್ಧಕ್ಕೇ ನಿಂತ ಪುಟಗಳೂ ಜಾಸ್ತಿ. ಲೋಡ್ ಮುಗಿದ ಮೇಲೂ ಇದರ ಫಲ ಉಳಿಯುತ್ತದೆ: ಅಷ್ಟೇ ಮೆಮೊರಿಯಲ್ಲಿ ನಿಮ್ಮ ಡೇಟಾ ಹೆಚ್ಚು ಹಿಡಿಸುತ್ತದೆ. ನಮಗೆ ವೇಗಕ್ಕಿಂತ ಇದೇ ದೊಡ್ಡ ಲಾಭ ಅನ್ನಿಸಿದೆ.

ಐಡಿ ಪ್ರಕಾರ ಜೋಡಿಸಿದರೆ ಹೆಸರಿನ ಇಂಡೆಕ್ಸ್‌ಗೆ ಪ್ರಯೋಜನ ಇಲ್ಲ, ಅದಕ್ಕೆ ಹೆಸರಿನದೇ ಕ್ರಮ ಬೇಕಲ್ವಾ? ಹಾಗಾಗಿ ಹೊಸ ಟೇಬಲ್ ತುಂಬುವಾಗ ಅಂಥ ಇಂಡೆಕ್ಸ್‌ಗಳನ್ನು ಕೊನೆಗೆ ಕಟ್ಟುತ್ತೇವೆ. ಡೇಟಾಬೇಸೇ ವಿಂಗಡಿಸಿಕೊಂಡು ಕಟ್ಟುತ್ತದೆ. ಅದು ಮುಗಿಯುವವರೆಗೆ ಹೆಸರಿನಿಂದ ಹುಡುಕುವುದು ನಿಧಾನ. ದಯವಿಟ್ಟು ಅಷ್ಟು ಹೊತ್ತು ಕಾಯಿರಿ.

ಒಂದು ವಿಷಯ ಮಾತ್ರ ಯೋಚಿಸಿ ನಿರ್ಧರಿಸಿ. 7ನೇ ಆವೃತ್ತಿಯ ಐಡಿಯ ಮೊದಲ 48 ಬಿಟ್‌ಗಳಲ್ಲಿ ರೆಕಾರ್ಡ್ ಹುಟ್ಟಿದ ಹೊತ್ತು ಮಿಲಿಸೆಕೆಂಡ್ ಲೆಕ್ಕದಲ್ಲಿ ಇರುತ್ತದೆ. ಕ್ರಮ ಸಿಗುವುದು ಅದರಿಂದಲೇ. ಆದರೆ ಐಡಿ ಕಂಡವರು ಆ ಹೊತ್ತನ್ನೂ ಓದಬಹುದು. ಹೊರಗಿನವರಿಗೆ ಲಿಂಕ್‌ನಲ್ಲಿ ಐಡಿ ಕಾಣಿಸುವ ಟೇಬಲ್‌ಗಳಿದ್ದರೆ ತಿಳಿಸಿ. ವೇಗ ಹೋದರೂ ಪರವಾಗಿಲ್ಲ, ಅಲ್ಲಿ 4ನೇ ಆವೃತ್ತಿಯನ್ನೇ ಉಳಿಸುತ್ತೇವೆ.

ಐಡಿಯ ಉದ್ದ ಹಾಗೇ ಇರುತ್ತದೆ. ಅಡ್ಡಗೆರೆಗಳಿಂದ ಬೇರ್ಪಟ್ಟ ಮೂರನೇ ಗುಂಪಿನ ಮೊದಲ ಅಂಕಿ 4 ಇದ್ದದ್ದು 7 ಆಗುತ್ತದೆ, ಅಷ್ಟೇ. ಅಲ್ಲಿ 4 ಇದೆಯಾ ಅಂತ ಪರೀಕ್ಷಿಸುವ ಕೋಡ್ ನಿಮ್ಮಲ್ಲಿದ್ದರೆ ಅಪ್‌ಡೇಟ್‌ಗೆ ಮೊದಲೇ ತಿದ್ದಿಕೊಳ್ಳಿ.

ಇಂತಿ,
ಡೇಟಾಬೇಸ್ ನೋಡಿಕೊಳ್ಳುವ ತಂಡ