ತರಗತಿಯಲ್ಲಿ ಬಿಸ್ಕತ್ತು, ಆಫೀಸಿನಲ್ಲಿ ಇಂಜೆಕ್ಷನ್: ಪೋಷಕರಿಗೆ ಪತ್ರ

ಚಿಕ್ಕಮಗಳೂರು

ಪ್ರಿಯ ಪೋಷಕರೇ, ನಮಸ್ಕಾರ.

ಪಾಠದ ಮಧ್ಯೆ ಒಂದು ಮಗುವಿಗೆ ತಿನ್ನಲು ಬಿಡುತ್ತೇವೆ, ಮಧ್ಯಾಹ್ನ ಆಫೀಸಿನಲ್ಲಿ ಇಂಜೆಕ್ಷನ್ ತಗೊಳ್ಳಲು ಜಾಗ ಕೊಟ್ಟಿದ್ದೇವೆ, ಇದು ಯಾಕೆ ಅಂತ ಕಳೆದ ವಾರ ಕೆಲವರು ಬಂದು ಕೇಳಿದಿರಿ. "ನಮ್ಮ ಮಗ ಒಂದು ಕಡಲೆಬೀಜ ಬಾಯಿಗೆ ಹಾಕಿದರೂ ಬೈತೀರಿ, ಇದೇನು ಮೇಡಂ?" ಅಂದವರೂ ಇದ್ದೀರಿ. ಕೇಳಿದ್ದು ತಪ್ಪಲ್ಲ. ಮೊದಲೇ ಹೇಳದಿದ್ದದ್ದು ನಮ್ಮ ತಪ್ಪು. ಆ ಮಗುವಿನ ಮನೆಯವರ ಒಪ್ಪಿಗೆ ಪಡೆದೇ ಈಗ ಬರೆಯುತ್ತಿದ್ದೇನೆ.

ಆ ಮಗುವಿಗೆ ಟೈಪ್ 1 ಸಕ್ಕರೆ ಕಾಯಿಲೆ ಇದೆ. ಇದು ಅಂಟುವುದಿಲ್ಲ. ಸಿಹಿ ಜಾಸ್ತಿ ತಿಂದು ಬಂದದ್ದೂ ಅಲ್ಲ.

ಬೆಳಗ್ಗೆ ತಿಂದ ಅಕ್ಕಿರೊಟ್ಟಿ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಆಗ ಜಠರದ ಹಿಂದಿರುವ ಮೇದೋಜೀರಕ ಗ್ರಂಥಿ ಇನ್ಸುಲಿನ್ ಅನ್ನುವ ಹಾರ್ಮೋನು ಬಿಡುತ್ತದೆ. ಅದರ ನೆರವಿನಿಂದ ಸಕ್ಕರೆ ಸ್ನಾಯುಗಳ ಒಳಗೆ ಹೋಗುತ್ತದೆ. ಶುಗರ್ ಇಳಿದರೆ ಅದೇ ಗ್ರಂಥಿ ಗ್ಲುಕಗಾನ್ ಅನ್ನುವ ಇನ್ನೊಂದು ಹಾರ್ಮೋನು ಬಿಟ್ಟು, ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆಯನ್ನು ಹೊರಗೆ ತರಿಸುತ್ತದೆ. ಈ ಮಗುವಿನಲ್ಲಿ ಇನ್ಸುಲಿನ್ ಮಾಡುವ ಜೀವಕೋಶಗಳನ್ನು ದೇಹದ ರೋಗನಿರೋಧಕ ಶಕ್ತಿಯೇ ಹಾಳು ಮಾಡಿದೆ. ಮಾತ್ರೆ ಸಾಕಾಗಲ್ವಾ ಅಂತ ಒಬ್ಬರು ಕೇಳಿದರು. ಇನ್ಸುಲಿನ್ ಒಂದು ಪ್ರೋಟೀನು. ನುಂಗಿದರೆ ಬೇಳೆ, ಮೊಟ್ಟೆಯ ಹಾಗೆ ಜೀರ್ಣವಾಗಿಬಿಡುತ್ತದೆ. ಅದಕ್ಕೇ ಸೂಜಿ. ಬಳಸಿದ ಸೂಜಿ ಡಬ್ಬಿಯಲ್ಲಿ ಮನೆಗೇ ವಾಪಸ್ ಹೋಗುತ್ತದೆ.

ಬಿಸ್ಕತ್ತಿನ ಮಾತಿಗೆ ಬರುತ್ತೇನೆ. ನಮ್ಮ ಗ್ರಂಥಿ ಶುಗರ್ ಇಳಿದ ಕೂಡಲೇ ಇನ್ಸುಲಿನ್ ಕಡಿಮೆ ಮಾಡುತ್ತದೆ. ಸೂಜಿಯಲ್ಲಿ ಒಳಗೆ ಹೋದದ್ದನ್ನು ವಾಪಸ್ ಕರೆಯಲು ಆಗುವುದಿಲ್ಲ, ಹಾಗಾಗಿ ಶುಗರ್ ತೀರಾ ಇಳಿದುಬಿಡಬಹುದು. ಮೊನ್ನೆ ಪಿಟಿ ಪೀರಿಯಡ್ ಮುಗಿಸಿ ಬಂದ ಮಗುವಿನ ಹಣೆ ತುಂಬಾ ಬೆವರು. ಕೈ ಎಷ್ಟು ನಡುಗುತ್ತಿತ್ತು ಅಂದರೆ ಬಿಸ್ಕತ್ತಿನ ಪೊಟ್ಟಣ ಹರಿಯಲೂ ಆಗಲಿಲ್ಲ. ಆ ನಡುಕ, ಬೆವರು ಅಡ್ರಿನಲಿನ್ ಅನ್ನುವ ಮತ್ತೊಂದು ಹಾರ್ಮೋನಿನ ಎಚ್ಚರಿಕೆ. ಬೆರಳ ತುದಿಯ ಒಂದು ಹನಿ ರಕ್ತ ನೋಡಿದೆವು. ಶುಗರ್ 58 ಇತ್ತು. 70ಕ್ಕಿಂತ ಕೆಳಗಿಳಿದರೆ ಅಪಾಯ. ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ನೋಡಿದಾಗ 84. ಆ ಹೊತ್ತಿನಲ್ಲಿ "ಬೆಲ್ ಆಗಲಿ, ಆಮೇಲೆ ತಿನ್ನು" ಅನ್ನಲು ಆಗುತ್ತದಾ? ಹಾಗೇ ಬಿಟ್ಟರೆ ಪ್ರಜ್ಞೆ ತಪ್ಪಬಹುದು. ಅದು ತಿಂಡಿಯಲ್ಲ, ಔಷಧಿ. ಮತ್ತೆ ಹೇಳುತ್ತೇನೆ, ಔಷಧಿ.

ನಿಮ್ಮ ಮಕ್ಕಳಿಗೆ ಅನ್ಯಾಯ ಆಗುತ್ತಿದೆ ಅನ್ನಿಸಿದ್ದರೆ ಆ ಬೇಸರ ನನಗೆ ಅರ್ಥವಾಗುತ್ತದೆ. ಎಲ್ಲರೂ ನಮ್ಮ ಮಕ್ಕಳೇ. ಯಾರಿಗೇ ವೈದ್ಯರು ಹೀಗೆ ಬರೆದುಕೊಟ್ಟರೂ ಇದೇ ಅನುಮತಿ ಸಿಗುತ್ತದೆ. ಉಳಿದಂತೆ ಪಾಠದ ಹೊತ್ತಿನಲ್ಲಿ ತಿನ್ನಬಾರದು ಅನ್ನುವ ನಿಯಮ ಹಾಗೇ ಇದೆ. ಆದರೆ ಆ ಮಗುವಿನ ಪಕ್ಕದಿಂದ ತಮ್ಮ ಮಗುವಿನ ಜಾಗ ಬದಲಿಸಿ ಅಂತ ಬಂದ ಎರಡು ಕೋರಿಕೆಗಳನ್ನು ನಾನು ಒಪ್ಪುವುದಿಲ್ಲ. ಮೊನ್ನೆ ಆ ಪೊಟ್ಟಣ ಹರಿದು ಕೊಟ್ಟದ್ದು ಪಕ್ಕದಲ್ಲಿ ಕೂತ ಗೆಳತಿಯೇ.

1921ರಲ್ಲಿ ಕೆನಡಾದ ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅನ್ನುವ ಸಂಶೋಧಕರು ಇನ್ಸುಲಿನ್ ಬೇರ್ಪಡಿಸುವ ತನಕ ಇಂಥ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಬ್ಯಾಂಟಿಂಗ್ ಹುಟ್ಟಿದ ದಿನ ನವೆಂಬರ್ 14. ನಮ್ಮ ಮಕ್ಕಳ ದಿನಾಚರಣೆಯೂ ಅವತ್ತೇ ಅಲ್ವಾ? ಈ ಸಲ ಅಂದು ಪ್ರಾರ್ಥನೆ ಆದ ಮೇಲೆ ವಿಜ್ಞಾನದ ಟೀಚರ್ ಇದನ್ನೆಲ್ಲ ಮಕ್ಕಳಿಗೆ ವಿವರಿಸುತ್ತಾರೆ. ನೀವೂ ಬನ್ನಿ.

ಅಲ್ಲಿಯವರೆಗೆ, ಇದು ಅಂಟುವ ಕಾಯಿಲೆ ಅಲ್ಲ ಅಂತ ಮನೆಯಲ್ಲಿ ಮಕ್ಕಳಿಗೆ ಒಂದು ಮಾತು ಹೇಳಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ