ಬಾದಾಮಿಗೆ ಎರಡು ಗಂಟೆ ಸಾಕಾ?

ಮಾನ್ಯ ಸಂಪಾದಕರೇ,

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನು. ಮೂರು ಸಾಲಿನ ಪದ್ಯವಾದ ತ್ರಿಪದಿಯ ಪಾಠ ಬಂತೆಂದರೆ ಮೊದಲು ಬೋರ್ಡಿನ ಮೇಲೆ ಬರೆಯುತ್ತಿದ್ದುದು ಬಾದಾಮಿಯಲ್ಲಿರುವ ಕಪ್ಪೆ ಅರಭಟ್ಟನ ಶಾಸನದ ಸಾಲು: ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’. ಅದನ್ನು ಕೊರೆದ ಬಂಡೆಯನ್ನು ಮಾತ್ರ ಒಮ್ಮೆಯೂ ಕಂಡಿರಲಿಲ್ಲ. ಹೋದ ತಿಂಗಳು ಮನೆಯವಳ ಜೊತೆ ಟೂರ್ ಬಸ್ ಹತ್ತಿದಾಗ ಇದ್ದ ಆಸೆ ಅದೊಂದೇ.

ಬಾದಾಮಿಯಲ್ಲಿ ಬಸ್ ನಿಂತಿತು. ‘ಎರಡು ಗಂಟೆ ಟೈಮು. ಗುಹೆ ನೋಡಿ ಬನ್ನಿ, ಪಟ್ಟದಕಲ್ಲಿಗೆ ಹೋಗಬೇಕು’ ಅಂದರು ಮ್ಯಾನೇಜರು. ಶಾಸನದ ವಿಷಯ ಕೇಳಿದೆ. ‘ಕಪ್ಪೆನಾ? ನಮ್ಮ ಲಿಸ್ಟಲ್ಲಿ ಇಲ್ಲ ಸಾರ್.’

ಗುಹೆಗಳ ಬಗ್ಗೆ ನಾನು ಹೇಳುವುದೇನೂ ಇಲ್ಲ. ಹದಿನೆಂಟು ಕೈಯ ನಟರಾಜನ ಮುಂದೆ ಸೆಲ್ಫಿಗೆ ಕ್ಯೂ ಇತ್ತು. ಚಾಲುಕ್ಯರ ಮಂಗಳೇಶ ಕ್ರಿ.ಶ. 578ರಲ್ಲಿ ಶಾಸನ ಹಾಕಿಸಿದ ಮೂರನೇ ಗುಹೆ ತಲುಪುವ ಹೊತ್ತಿಗೆ ನಮ್ಮವರಲ್ಲಿ ಅರ್ಧ ಜನ ಸುಸ್ತಾಗಿ ಕೆಳಗಿಳಿದಿದ್ದರು. ಅಲ್ಲಿಂದ ಕೆಳಗೆ ನೋಡಿದರೆ ಅಗಸ್ತ್ಯತೀರ್ಥದ ಕೆರೆ. ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಬಟ್ಟೆ ಕಲ್ಲಿಗೆ ಬಡಿದದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಎದುರಿನ ಬಂಡೆಗೆ ತಾಗಿ ಮತ್ತೊಂದು ಸಲ ಕೇಳುತ್ತದೆ. ‘ರೀ, ಬಸ್ ಹೋದರೆ ಹೋಗಲಿ’ ಅಂದಳು ನನ್ನಾಕೆ. ಬಸ್ ಹೋಯಿತು. ದುಡ್ಡು ವಾಪಸ್ ಕೇಳಲಿಲ್ಲ, ಅವರೂ ಕೊಡಲಿಲ್ಲ.

ಮಾರನೇ ದಿನ ಬೆಳಿಗ್ಗೆ ಕೆರೆಯ ಬಡಗಣ ದಂಡೆ ಹಿಡಿದು ಮ್ಯೂಸಿಯಂ ದಾಟಿ ಭೂತನಾಥ ಗುಡಿಗೆ ಹೋದೆವು. ಕೆರೆ ತುಂಬಿದಾಗ ಗುಡಿಯ ಕಟ್ಟೆಗೇ ನೀರು ಬರುತ್ತದೆ. ಅಲ್ಲಿಂದ ಮುಂದೆ ದಾರಿ ಗೊತ್ತಾಗಲಿಲ್ಲ. ಬಾಣದ ಗುರುತು ಒಂದೂ ನಮ್ಮ ಕಣ್ಣಿಗೆ ಬೀಳಲಿಲ್ಲ. ಕೊನೆಗೆ ಮೇಕೆ ಮೇಯಿಸುತ್ತಿದ್ದ ಅಜ್ಜನೊಬ್ಬ, ‘ತಟ್ಟುಕೋಟಿ ಕಡೆ ಐತ್ರಿ ಸರ, ಬರ್ರಿ ತೋರಸ್ತೀನಿ’ ಅಂತ ಮುಂದೆ ನಡೆದ.

ಬಂಡೆಯ ಮೇಲೆ ಹತ್ತು ಸಾಲು. ಹತ್ತಿರ ಹತ್ತಿರ ಸಾವಿರದ ಮುನ್ನೂರು ವರ್ಷ ಹಳೆಯ ಅಕ್ಷರ. ಕನ್ನಡ ಮೇಷ್ಟ್ರಾದ ನನಗೇ ಓದಲು ಬರಲಿಲ್ಲ, ನಾಚಿಕೆಯಾಯಿತು. ಜೇಬಿನಿಂದ ಶಾಸನದ ಪಾಠ ಬರೆದಿದ್ದ ಚೀಟಿ ತೆಗೆದು ಹುಡುಕುತ್ತಾ ಹೋದೆ. ಒಂದು ಕಡೆ ಒಂದೇ ಥರದ ಎರಡು ಅಕ್ಷರ ಜೋಡಿಯಾಗಿ ಎರಡು ಸಲ ಬಂದಿದ್ದವು. ಸಾಧು, ಸಾಧು! ಅದು ಸಿಕ್ಕಿದ ಮೇಲೆ ಮುಂದಿನದನ್ನು ಗಟ್ಟಿಯಾಗಿ ಓದಿದೆ. ಓದಿದೆ ಅನ್ನುವುದಕ್ಕಿಂತ ಬಾಯಿಪಾಠ ಒಪ್ಪಿಸಿದೆ ಅನ್ನಿ. ಅಜ್ಜ ತಲೆದೂಗಿದ.

ಟೂರ್ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಬಾದಾಮಿಗೆ ಒಂದು ಇಡೀ ದಿನ ಕೊಡಿ. ಒಂದೇ ದಿನದಲ್ಲಿ ಮೂರು ಊರು ತೋರಿಸುವುದು ಜಾಸ್ತಿಯಾಯಿತು, ಅಲ್ವಾ? ಸಂಬಂಧಪಟ್ಟವರು ಭೂತನಾಥ ಗುಡಿಯ ಹತ್ತಿರ ಕನ್ನಡದಲ್ಲಿ ಒಂದು ಬೋರ್ಡು ಹಾಕಲಿ. ಶಾಸನಕ್ಕೆ ದಾರಿ ತೋರಿಸುವ ಬಾಣ, ಅದರ ಕೆಳಗೆ ಈಗಿನ ಅಕ್ಷರದಲ್ಲಿ ಆ ತ್ರಿಪದಿ. ಶಾಲೆಯ ಪ್ರವಾಸಕ್ಕೆ ಬರುವ ಮಕ್ಕಳು ಬಂಡೆಯ ಮುಂದೆ ನಿಂತು ಹೋಲಿಸಿ ನೋಡಬಹುದು.

ಹೋಗುವವರಿಗೆ ಒಂದು ಮಾತು. ಮ್ಯೂಸಿಯಂಗೆ ಶುಕ್ರವಾರ ರಜೆ. ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿದು ಗುಹೆ ಹತ್ತಬೇಡಿ. ನಮ್ಮ ಚಕ್ಕುಲಿ ಎರಡನೇ ಗುಹೆಯ ಕೋತಿಯ ಪಾಲಾಯಿತು.

– ನಿವೃತ್ತ ಕನ್ನಡ ಮೇಷ್ಟ್ರು, ತಿಪಟೂರು